‘ಮಾತು ಕೇಳು’ ಅಂದರೆ ಏನು? ಕ್ರಿಸ್ತನಿಗೆ ಹತ್ತಿರವಾಗುವ ದಿನನಿತ್ಯದ ದಾರಿ

ಶಾಲೆಯಲ್ಲಿ ರಜೆ ಚೀಟಿ ಬರೆದವರಿಗೆಲ್ಲ ಈ ಸಾಲು ಗೊತ್ತು: ‘ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿ.’ ‘ವಿಧೇಯ’ ಅನ್ನುವ ಪದ ನಾನು ಮೊದಲು ಬರೆದದ್ದು ಅಲ್ಲೇ. ಅರ್ಥ ಗೊತ್ತಿರಲಿಲ್ಲ. ಮೇಷ್ಟ್ರು ಬೈಯದೆ ಇರಲಿ ಅಂತ ಕೊನೆಗೆ ಸೇರಿಸುವ ಪದ ಅಂದುಕೊಂಡಿದ್ದೆ. ಆಮೇಲೆ ಭಾನುವಾರದ ಆರಾಧನೆಯಲ್ಲಿ ಅಯ್ಯನವರು ‘ದೇವರಿಗೆ ವಿಧೇಯರಾಗಿರಿ’ ಅಂದಾಗಲೆಲ್ಲ ಆ ಚೀಟಿಯೇ ಕಣ್ಣ ಮುಂದೆ ಬರುತ್ತಿತ್ತು. ಕುರ್ಚಿಯಲ್ಲಿ ಕೂತ ದೊಡ್ಡವರು, ಕೈ ಕಟ್ಟಿಕೊಂಡು ನಿಂತ ನಾನು.

ಈಗ ಕೋಲಾರದಲ್ಲಿ ನಮ್ಮ ಸಭೆಯ ಹುಡುಗ ಹುಡುಗಿಯರ ಜೊತೆ ಸತ್ಯವೇದ ಓದಲು ಕೂತಾಗ ಎರಡು ಪ್ರಶ್ನೆ ಮತ್ತೆ ಮತ್ತೆ ಬರುತ್ತವೆ. ಒಂದು: ‘ಕೃಪೆಯಿಂದ ರಕ್ಷಣೆ ಅಂತೀರಿ, ಮತ್ತೆ ಆಜ್ಞೆ ಪಾಲಿಸಿ ಅಂತೀರಿ. ಇದರಲ್ಲಿ ಯಾವುದು?’ ಇನ್ನೊಂದನ್ನು ಸ್ವಲ್ಪ ಮೆಲ್ಲಗೆ ಕೇಳುತ್ತಾರೆ: ‘ದಿನಾ ಪ್ರಾರ್ಥನೆ ಮಾಡ್ತೀನಿ, ಆದ್ರೂ ಯೇಸು ಹತ್ತಿರ ಇದ್ದಾನೆ ಅನ್ನಿಸಲ್ಲ.’ ಎರಡೂ ಒಂದೇ ಗಂಟಿನ ಎರಡು ತುದಿ ಅಂತ ನನಗೆ ಅನ್ನಿಸುತ್ತದೆ. ಆ ಗಂಟು ಬಿಚ್ಚಲು ಒಂದು ಪದ ನಮ್ಮ ಕನ್ನಡದಲ್ಲೇ ಇದೆ.

ಕೇಳು.

‘ಹೇಳಿದ ಮಾತು ಕೇಳೋ’ ಅಂತ ಅಮ್ಮ ಗದರಿದರೆ ಅವಳು ಕಿವಿಯ ವಿಷಯ ಹೇಳುತ್ತಿಲ್ಲ. ಕಿವಿಗೆ ಬಿದ್ದಾಗಿದೆ. ಹಾಗೆ ನಡೆದುಕೋ ಅಂತ ಅರ್ಥ. ‘ಈ ಹುಡುಗ ಯಾರ ಮಾತೂ ಕೇಳಲ್ಲ’ ಅಂದರೆ ಅವನು ಕಿವುಡ ಅಂತ ಅಲ್ಲ. ಇದೇ ಪದಕ್ಕೆ ಇನ್ನೊಂದು ಕೆಲಸವೂ ಉಂಟು. ‘ಅಪ್ಪನ್ನ ದುಡ್ಡು ಕೇಳು’, ‘ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳು.’ ಕಿವಿಗೊಡುವುದು, ಹೇಳಿದಂತೆ ನಡೆಯುವುದು, ಬೇಡುವುದು: ಮೂರಕ್ಕೂ ಕೇಳು ಅನ್ನುವ ಒಂದೇ ಮಾತು.

ಸತ್ಯವೇದದ ಮೂಲ ಭಾಷೆಗಳಲ್ಲೂ ಇಂಥದ್ದೇ ಒಂದು ಹೊಂದಾಣಿಕೆ ಇದೆ. ಧರ್ಮೋಪದೇಶಕಾಂಡ 6:4ರಲ್ಲಿ ‘ಇಸ್ರಾಯೇಲ್ಯರೇ, ಕೇಳಿರಿ’ ಅಂತ ಬರುತ್ತದಲ್ಲ, ಆ ಇಬ್ರಿಯ ಪದ ‘ಶಮಾ’. ಕೇಳುವುದಕ್ಕೂ ಅದೇ, ಹೇಳಿದಂತೆ ನಡೆಯುವುದಕ್ಕೂ ಅದೇ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ವಿಧೇಯತೆಗೆ ಬಳಸುವ ಪದ ‘ಹುಪಾಕೊಯೆ’. ಅದು ಹುಟ್ಟಿದ್ದು ‘ಅಕೂವೊ’, ಅಂದರೆ ಕಿವಿಗೊಡು ಅನ್ನುವ ಪದದಿಂದ. ಹಾಗಾಗಿ ವಿಧೇಯತೆ ಶುರುವಾಗುವುದು ಕಿವಿಯಿಂದ. ಹುಡುಗ ಸಮುವೇಲನನ್ನು ನೆನಪು ಮಾಡಿಕೊಳ್ಳಿ. ರಾತ್ರಿ ಯಾರೋ ಕರೆದಂತಾಗಿ ಮೂರು ಸಲ ಎದ್ದು ಯಾಜಕ ಏಲಿಯ ಹತ್ತಿರ ಓಡುತ್ತಾನೆ. ನಾಲ್ಕನೇ ಸಲ ಏಲಿ ಕಲಿಸಿಕೊಟ್ಟಂತೆ, ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಾನೆ ಅನ್ನುತ್ತಾನೆ. ಅಲ್ಲಿ ‘ಕೇಳುತ್ತಾನೆ’ ಅಂದರೆ ಎರಡೂ ಅರ್ಥ ಸೇರಿದೆ.

ಈ ಮೂರು ಕೇಳುವಿಕೆಗಳು ಬೇರೆಬೇರೆ ಆಗಿಬಿಟ್ಟಾಗಲೇ ತೊಂದರೆ. ಬರೀ ಬೇಡುವುದಾದರೆ ಪ್ರಾರ್ಥನೆ ಅಂಗಡಿ ಚೀಟಿಯಾಗುತ್ತದೆ. ಬರೀ ಕಿವಿಗೊಟ್ಟರೆ ಯೂಟ್ಯೂಬಿನಲ್ಲಿ ದಿನಕ್ಕೆ ಮೂರು ಪ್ರಸಂಗ ಕೇಳುತ್ತೇವೆ, ಸಂಜೆಗೆ ಒಂದೂ ನೆನಪಿರುವುದಿಲ್ಲ. ಯಾಕೋಬನು ತನ್ನ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಇಂಥವರನ್ನು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಆಚೆ ಹೋದಕೂಡಲೇ ಹೇಗಿದ್ದೆ ಅನ್ನುವುದನ್ನೇ ಮರೆತವರಿಗೆ ಹೋಲಿಸುತ್ತಾನೆ. ಇನ್ನು ಕಿವಿಗೊಡದೆ, ಬೇಡದೆ, ಬರೀ ನಿಯಮ ಪಾಲಿಸುತ್ತ ಹೋದರೆ ಮತ್ತೆ ರಜೆ ಚೀಟಿಯ ವಿಧೇಯತೆಗೆ ಬಂದು ನಿಲ್ಲುತ್ತೇವೆ.

ಈಗ ಕೃಪೆಯ ಪ್ರಶ್ನೆಗೆ ಬರೋಣ. ಇದು ಬಗೆಹರಿಯದೆ ಮುಂದೆ ಹೋದರೆ ಎಲ್ಲ ಅಭ್ಯಾಸವೂ ತಲೆಯ ಮೇಲಿನ ಹೊರೆ.

ವಿಮೋಚನಕಾಂಡ 20ನೇ ಅಧ್ಯಾಯದಲ್ಲಿ ಹತ್ತು ಆಜ್ಞೆಗಳಿವೆ. ಬಾಯಿಪಾಠ ಮಾಡುವಾಗ ಬಹಳ ಜನ ಮೂರನೇ ವಚನದಿಂದ ಶುರುಮಾಡುತ್ತಾರೆ. ಎರಡನೆಯದು ಬಿಟ್ಟುಹೋಗುತ್ತದೆ. ಅಲ್ಲಿ ದೇವರು ತನ್ನ ಪರಿಚಯ ಹೇಳಿಕೊಳ್ಳುತ್ತಾನೆ: ಐಗುಪ್ತದ ಗುಲಾಮಗಿರಿಯಿಂದ ನಿನ್ನನ್ನು ಬಿಡಿಸಿದ ನಿನ್ನ ದೇವರು ನಾನು. ಅಷ್ಟು ಹೊತ್ತಿಗೆ ಬಿಡುಗಡೆ ಆಗಿಹೋಗಿದೆ. ಸಮುದ್ರ ದಾಟಿಯಾಗಿದೆ, ಮನ್ನ ತಿಂದಾಗಿದೆ. ಆಜ್ಞೆ ಬರುವುದು ಆಮೇಲೆ. ‘ಈ ಹತ್ತನ್ನು ಪಾಲಿಸಿ ತೋರಿಸಿ, ಆಮೇಲೆ ಬಿಡಿಸುತ್ತೇನೆ’ ಅನ್ನುವ ಮಾತು ಎಲ್ಲೂ ಇಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲೂ ಇದೇ ಕ್ರಮ. 8 ಮತ್ತು 9ನೇ ವಚನದಲ್ಲಿ ರಕ್ಷಣೆ ಕೃಪೆಯಿಂದ, ನಮ್ಮ ಕ್ರಿಯೆಗಳಿಂದಲ್ಲ. 10ನೇ ವಚನದಲ್ಲಿ ಒಳ್ಳೆಯ ಕೆಲಸಗಳಿಗಾಗಿಯೇ ನಮ್ಮನ್ನು ಸೃಷ್ಟಿ ಮಾಡಿದ್ದು.

ಮಗ ಮಾತು ಕೇಳಿದ್ದಕ್ಕೆ ಮಗನಾಗುವುದಿಲ್ಲ, ಮಗ ಆಗಿರುವುದರಿಂದಲೇ ಮಾತು ಕೇಳುತ್ತಾನೆ. ಕೇಳದ ದಿನವೂ ಅವನು ಮಗನೇ. ಆದರೆ ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಮುಖ ನೋಡಲು ಆಗುವುದಿಲ್ಲ, ಅಲ್ವಾ? ಸಂಬಂಧ ಕಡಿದಿಲ್ಲ. ಸಲುಗೆ ಹೋಗಿದೆ. ‘ಹತ್ತಿರ’ ಅಂತ ನಾವು ಹೇಳುವುದು ಬಹಳ ಸಲ ಈ ಸಲುಗೆಯನ್ನೇ. ಸಂಬಂಧ ಕ್ರಿಸ್ತನು ಶಿಲುಬೆಯಲ್ಲಿ ಕೊಟ್ಟದ್ದು, ಅದನ್ನು ನಾವು ಗಳಿಸಲಾರೆವು. ಸಲುಗೆ ಬೆಳೆಯುವುದು ದಿನದಿನವೂ ಮಾತು ಕೇಳುತ್ತ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ಅನೇಕರು ಗೊತ್ತಿಲ್ಲದೆಯೇ ಪ್ರಾರ್ಥನೆಯನ್ನು ಹರಕೆಯ ಲೆಕ್ಕಕ್ಕೆ ತರುತ್ತೇವೆ. ‘ಇಪ್ಪತ್ತೊಂದು ದಿನ ಉಪವಾಸ ಇರ್ತೀನಿ ಸ್ವಾಮಿ, ಮಗನಿಗೆ ಒಂದು ಕೆಲಸ ಕೊಡು.’ ಕೆಲಸ ಸಿಕ್ಕರೆ ಉಪವಾಸ ಫಲಿಸಿತು. ಸಿಗದಿದ್ದರೆ ಎಲ್ಲೋ ಲೋಪವಾಯಿತು ಅಂತ ಇನ್ನೊಂದು ಇಪ್ಪತ್ತೊಂದು ದಿನ. ಮಗನ ಕೆಲಸಕ್ಕಾಗಿ ಕಣ್ಣೀರಿಟ್ಟು ಬೇಡುವುದು ತಪ್ಪಲ್ಲ, ಖಂಡಿತ ಬೇಡಿ. ಆದರೆ ಉಪವಾಸ ದೇವರ ಕೈ ತಿರುಚುವ ಉಪಾಯವಲ್ಲ. ಹಸಿವು ನಮ್ಮ ಕಿವಿಯನ್ನು ಸ್ವಲ್ಪ ತೆರೆಯಲಿ ಅಂತ ಅದು ಇರುವುದು.

ಅಭ್ಯಾಸ ಎಷ್ಟು ಮಾಡಬಲ್ಲದು, ಎಷ್ಟು ಮಾಡಲಾರದು ಅನ್ನುವುದಕ್ಕೆ ಒಂದು ಜೀವನ ನೋಡಬೇಕು. ಕೋಲಾರದವರಿಗೆ ಮೆಥೊಡಿಸ್ಟ್ ಅನ್ನುವ ಕ್ರೈಸ್ತ ಸಭೆಯ ಹೆಸರು ಹೊಸದಲ್ಲ. 1910ರಿಂದ ಇಲ್ಲಿರುವ ಇಟಿಸಿಎಂ ಆಸ್ಪತ್ರೆ ಮೆಥೊಡಿಸ್ಟ್ ಮಿಷನ್ ಕಟ್ಟಿದ್ದು. ಆದರೆ ಆ ಹೆಸರು ಶುರುವಾದದ್ದು ಗೇಲಿಯಾಗಿ. 1729ರ ಸುಮಾರಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಜಾನ್ ವೆಸ್ಲಿ, ಅವರ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರು ಸೇರಿ ಒಂದು ಕ್ರಮ ಹಾಕಿಕೊಂಡರು. ಪ್ರಾರ್ಥನೆಗೆ ಹೊತ್ತು, ಓದಿಗೆ ಹೊತ್ತು, ಬುಧವಾರ ಶುಕ್ರವಾರ ಉಪವಾಸ, ಜೈಲಿನಲ್ಲಿದ್ದವರ ಭೇಟಿ. ಎಲ್ಲದಕ್ಕೂ ಮೆಥಡ್ ಇಟ್ಟುಕೊಂಡವರು ಅಂತ ಉಳಿದ ವಿದ್ಯಾರ್ಥಿಗಳು ಆಡಿಕೊಂಡರು. ಆ ಹೆಸರೇ ಉಳಿಯಿತು.

ಅಷ್ಟೆಲ್ಲ ಮಾಡಿದರೂ ವೆಸ್ಲಿಗೆ ಒಳಗೆ ನೆಮ್ಮದಿ ಇರಲಿಲ್ಲ. 1735ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಸೇವೆಗೆ ಹೋದರು. ಹಡಗು ಬಿರುಗಾಳಿಗೆ ಸಿಕ್ಕಾಗ ತಾವು ಸಾವಿಗೆ ಹೆದರಿದರು. ಅದೇ ಹಡಗಿನಲ್ಲಿದ್ದ ಮೊರೇವಿಯನ್ ಅನ್ನುವ ಕ್ರೈಸ್ತ ಪಂಗಡದ ಕುಟುಂಬಗಳು ಹೆದರದೆ ಹಾಡುತ್ತಿದ್ದವು. ಜಾರ್ಜಿಯಾದಿಂದ ಸೋತು ವಾಪಸ್ ಬಂದ ಮೇಲೆ, 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಯಾರೋ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಕ್ರಿಸ್ತನು ನನ್ನ ಪಾಪವನ್ನೇ ತೆಗೆದುಹಾಕಿದ್ದಾನೆ ಅನ್ನುವ ಭರವಸೆ ಆಗ ಬಂತು, ಎದೆ ಬೆಚ್ಚಗಾಯಿತು ಅಂತ ವೆಸ್ಲಿ ಬರೆದಿದ್ದಾರೆ. ನನಗೆ ಮುಖ್ಯ ಅನ್ನಿಸುವುದು ಆಮೇಲೆ ನಡೆದದ್ದು. ಅವರು ಹಳೆಯ ಅಭ್ಯಾಸಗಳನ್ನು ಬಿಸಾಡಲಿಲ್ಲ. ಬೆಳಿಗ್ಗೆ ಬೇಗ ಏಳುವುದು, ಪ್ರಾರ್ಥನೆ, ಓದು, ಬಡವರ ಹತ್ತಿರ ಹೋಗುವುದು 1791ರಲ್ಲಿ ತೀರಿಕೊಳ್ಳುವವರೆಗೂ ನಡೆಯಿತು. ಮೊದಲು ದೇವರನ್ನು ಒಲಿಸಲು ಮಾಡುತ್ತಿದ್ದದ್ದನ್ನು ಆಮೇಲೆ ಒಲಿದ ದೇವರ ಜೊತೆ ಇರಲು ಮಾಡಿದರು.

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ಸಂಗತಿ ಹೇಳಬೇಕು. ನಮ್ಮ ಊರು ಶಿಡ್ಲಘಟ್ಟ ತಾಲ್ಲೂಕು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗುವ ಮೊದಲು ಅದೂ ಕೋಲಾರ ಜಿಲ್ಲೆಯೇ. ಮನೆಯಲ್ಲಿ ರೇಷ್ಮೆ. ನಾನು ಪಿಯುಸಿ ಓದುವಾಗ ಒಂದು ಬೆಳೆ ಮಳೆಗೆ ಸಿಕ್ಕಿತು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟೆಗೆ, ಬಿಟ್ಟ ಎರಡು ದಿನವೂ ಥಂಡಿ ಗಾಳಿ. ಮೂರ್ನಾಲ್ಕು ಕೆಜಿ ಗೂಡು ಕಲೆಯಾಯಿತು. ಅಪ್ಪನಿಗೆ ಜ್ವರ, ಮಾರಲು ನಾನೇ ಹೋದೆ. ಕಲೆ ಗೂಡನ್ನು ಬೇರೆ ಮಾಡುವ ಬದಲು ಅಡಿಗೆ ಹಾಕಿ, ಮೇಲೆ ಬೆಳ್ಳಗಿನ ಗೂಡು ಸುರಿದೆ. ತೆಗೆದುಕೊಂಡವರು ರೇಷ್ಮೆ ಬಿಚ್ಚುವ ಒಬ್ಬ ಹಿರಿಯ ಸಾಬರು. ಮೇಲಿಂದ ಒಂದು ಹಿಡಿ ತೆಗೆದು ನೋಡಿದರು, ಕಿವಿಯ ಹತ್ತಿರ ಒಂದನ್ನು ಅಲ್ಲಾಡಿಸಿದರು, ಒಪ್ಪಿಕೊಂಡರು.

ರಾತ್ರಿ ಕುಟುಂಬ ಪ್ರಾರ್ಥನೆ. ಅಮ್ಮ ಲೂಕನ ಸುವಾರ್ತೆಯನ್ನು ದಿನಕ್ಕೆ ಒಂದಷ್ಟು ಓದಿಸುತ್ತಿದ್ದಳು. ಅವತ್ತಿನ ಪಾಲಿಗೆ ಬಂದದ್ದು 19ನೇ ಅಧ್ಯಾಯ, ಯೇಸುವನ್ನು ನೋಡಲು ಮರ ಹತ್ತಿದ ಸುಂಕದವನು ಜಕ್ಕಾಯನ ಕಥೆ. ‘ಅನ್ಯಾಯವಾಗಿ ಕಿತ್ತುಕೊಂಡದ್ದು ಇದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ.’ ಅಮ್ಮನಿಗೆ ನನ್ನ ವಿಷಯ ಏನೂ ಗೊತ್ತಿರಲಿಲ್ಲ. ನಾಲ್ಕು ದಿನ ಪ್ರಾರ್ಥನೆಗೆ ಕೂತರೂ ನನ್ನ ಬಾಯಿಂದ ಮಾತು ಹೊರಡಲಿಲ್ಲ. ದೇವರು ದೂರ ಹೋಗಿಬಿಟ್ಟ ಅನ್ನಿಸಿತು. ನಿಜವಾಗಿ ಅವನು ಒಂದೇ ಮಾತು ಹೇಳಿ ಅಲ್ಲೇ ಕೂತಿದ್ದ. ನಾನು ಬೇರೆ ಮಾತು ಎತ್ತುತ್ತಿದ್ದೆ, ಅಷ್ಟೇ.

ಐದನೇ ದಿನ ಅವರ ಬಿಚ್ಚಣಿಕೆ ಮನೆ ಹುಡುಕಿಕೊಂಡು ಹೋದೆ. ಒಳಗೆ ಬಿಸಿನೀರಿನ ಆವಿ, ಬೆಂದ ಹುಳುವಿನ ವಾಸನೆ. ನಿಂತೇ ಹೇಳಿದೆ, ಮುನ್ನೂರು ರೂಪಾಯಿ ಮುಂದೆ ಹಿಡಿದೆ. ‘ನೀರಿಗೆ ಹಾಕಿದಾಗಲೇ ಗೊತ್ತಾಯ್ತು’ ಅಂದರು. ಇನ್ನೂರು ಇಟ್ಟುಕೊಂಡು ನೂರು ವಾಪಸ್ ಕೊಟ್ಟರು, ‘ಇನ್ಮೇಲೆ ಕಲೆ ಇದ್ರೆ ಹೇಳಿಯೇ ಮಾರು, ಅದಕ್ಕೂ ಬೆಲೆ ಇರುತ್ತೆ.’ ಸೈಕಲ್ ತುಳಿಯುತ್ತ ಊರಿಗೆ ಬರುವಾಗ ನನಗೇ ಗೊತ್ತಿಲ್ಲದೆ ಪ್ರಾರ್ಥನೆ ಮಾಡುತ್ತಿದ್ದೆ. ಜಕ್ಕಾಯನ ಕಥೆಯನ್ನು ಸಂಡೇ ಸ್ಕೂಲಿನಿಂದ ಕೇಳಿದ್ದೆ. ಆ ಮರದಿಂದ ಇಳಿದವನ ಸಂತೋಷ ಎಂಥದ್ದು ಅಂತ ತಿಳಿದದ್ದು ಆ ರಸ್ತೆಯಲ್ಲಿ.

ಯೋಹಾನ 14:21ರಲ್ಲಿ ಯೇಸು ಹೇಳುವುದು ಇದನ್ನೇ. ತನ್ನ ಆಜ್ಞೆಗಳನ್ನು ಕೈಕೊಂಡು ನಡೆಯುವವನೇ ತನ್ನನ್ನು ಪ್ರೀತಿಸುವವನು, ಅವನಿಗೆ ತನ್ನನ್ನು ತೋರಿಸಿಕೊಳ್ಳುವೆನು ಅನ್ನುತ್ತಾನೆ. ಇದು ಕೂಲಿಯ ಮಾತಲ್ಲ. ಕೆಲವನ್ನು ಮಾಡಿದರೆ ಮಾತ್ರ ಕಾಣುತ್ತದೆ. ನಮ್ಮನ್ನು ನೋಯಿಸಿದವರನ್ನು ಕ್ಷಮಿಸಲು ಹೊರಟಾಗ ಕ್ರಿಸ್ತನ ಕ್ಷಮೆಗೆ ಎಷ್ಟು ಬೆಲೆ ಬಿತ್ತು ಅನ್ನುವುದು ಸ್ವಲ್ಪ ತಿಳಿಯುತ್ತದೆ. ಪ್ರಸಂಗ ಕೇಳಿದರೆ ಅಷ್ಟು ತಿಳಿಯುವುದಿಲ್ಲ. ಜಕ್ಕಾಯನ ಕಥೆಯ ಕ್ರಮವನ್ನೂ ಗಮನಿಸಿ. ‘ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು’ ಅಂತ ಯೇಸು ಮೊದಲೇ ಹೇಳಿಯಾಗಿತ್ತು. ದುಡ್ಡಿನ ಮಾತು ಬಂದದ್ದು ಆಮೇಲೆ.

ದಿನನಿತ್ಯದ ವಿಧೇಯತೆ ಅಂದರೆ ಬಹಳ ಸಲ ಇಷ್ಟೇ ಚಿಕ್ಕದು. ಡೈರಿಗೆ ಹಾಕುವ ಹಾಲಿಗೆ ನೀರು ಬೆರೆಸದಿರುವುದು. ಓರಗಿತ್ತಿಯ ಬಗ್ಗೆ ಬಾಯಿಗೆ ಬಂದ ಮಾತನ್ನು ನುಂಗುವುದು. ಕೂಲಿಯವರಿಗೆ ಸಂಜೆಯೇ ದುಡ್ಡು ಕೊಡುವುದು. ಯಾಜಕಕಾಂಡ 19:13ರಲ್ಲಿ ಇದಕ್ಕೆ ನೇರವಾದ ಆಜ್ಞೆಯೇ ಇದೆ: ಕೂಲಿಯವನ ಸಂಬಳ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು.

ಹಾಗಾದರೆ ಓದು, ಪ್ರಾರ್ಥನೆ, ಉಪವಾಸ ಇವೆಲ್ಲ ಯಾಕೆ? ಆ ಚಿಕ್ಕ ಹೊತ್ತು ಬಂದಾಗ ನಮಗೆ ಮಾತು ಕೇಳಿಸಬೇಕಲ್ಲ, ಅದಕ್ಕೆ. ಅಮ್ಮನ ಆ ದಿನದ ಓದು ಇಲ್ಲದಿದ್ದರೆ ನಾನು ಕಲೆ ಗೂಡನ್ನು ಮರೆತೇ ಹೋಗುತ್ತಿದ್ದೆ.

ಹುಳು ಸಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಹೊತ್ತು ಸೊಪ್ಪು. ನೆಂಟರು ಬಂದರೂ ಅಷ್ಟೇ, ಹಬ್ಬ ಇದ್ದರೂ ಅಷ್ಟೇ. ಮೊಟ್ಟೆ ಒಡೆದ ಹುಳು ಇರುವೆಗಿಂತ ಚಿಕ್ಕದು. ಇಪ್ಪತ್ತೈದು ದಿನಗಳ ಸುಮಾರಿಗೆ ಅದರ ತೂಕ ಹತ್ತು ಸಾವಿರ ಪಟ್ಟಿನಷ್ಟು ಆಗುತ್ತದೆ. ಆದರೆ ತಟ್ಟೆಯ ಮುಂದೆ ಕೂತು ನೋಡಿದರೆ ಬೆಳೆಯುವುದು ಕಾಣುವುದಿಲ್ಲ. ಒಂದು ಹೊತ್ತು ಬಿಟ್ಟು ಮರುಹೊತ್ತು ಎರಡರಷ್ಟು ಸೊಪ್ಪು ಸುರಿದರೆ ಸರಿಹೋಗುವುದೂ ಇಲ್ಲ. ಹುಳುಗಳು ಏರುಪೇರಾಗುತ್ತವೆ. ಭಾನುವಾರ ಮೂರು ಗಂಟೆ ಕೂತು ವಾರವಿಡೀ ಸತ್ಯವೇದ ಮುಟ್ಟದವರಿಗೆ ನಾನು ಹೇಳುವುದು ಇದನ್ನೇ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನಾ.

ಹೇಗೆ ಶುರುಮಾಡುವುದು ಅಂತ ಕೇಳಿದವರಿಗೆ ಮಾರ್ಕನ ಸುವಾರ್ತೆ ಕೊಡುತ್ತೇನೆ. 16 ಅಧ್ಯಾಯ, ನಾಲ್ಕರಲ್ಲಿ ಅದೇ ಚಿಕ್ಕದು. ಒಂದು ದಿನಕ್ಕೆ ಒಂದು ಘಟನೆ ಮಾತ್ರ. ಬಾಯಿಬಿಟ್ಟು ಓದಿ, ಎರಡು ಸಲ. ಇಲ್ಲಿ ಯೇಸು ಏನು ಹೇಳುತ್ತಿದ್ದಾನೆ? ಇವತ್ತು ನಾನು ಹಾಗೆ ನಡೆಯಬೇಕಾದ ಒಂದು ಜಾಗ ಯಾವುದು? ಅದಕ್ಕೆ ಬಲ ಬೇಕು ಅಂತ ಬೇಡಿಕೊಳ್ಳಿ. ಮೂರು ಕೇಳುವಿಕೆಯೂ ಅದರಲ್ಲೇ ಬಂತು. ಫೋನನ್ನು ಬೇರೆ ಕೋಣೆಯಲ್ಲಿ ಇಡಿ. ಪ್ರಭು ಭೋಜನ, ಕೊಡುವುದು, ಪಾಪವನ್ನು ಒಬ್ಬ ನಂಬಿಕೆಯ ಸ್ನೇಹಿತರ ಹತ್ತಿರ ಒಪ್ಪಿಕೊಳ್ಳುವುದು ಇವೂ ಅಷ್ಟೇ ಮುಖ್ಯ. ಆದರೆ ಎಲ್ಲವನ್ನೂ ಒಂದೇ ವಾರದಲ್ಲಿ ಹಿಡಿಯಬೇಡಿ.

ಯೇಸುವಿಗೂ ಅಭ್ಯಾಸಗಳಿದ್ದವು ಅನ್ನುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ಒಬ್ಬನೇ ಪ್ರಾರ್ಥಿಸಲು ಹೋದದ್ದು ಮಾರ್ಕ 1:35ರಲ್ಲಿದೆ. ಸಬ್ಬತ್ ದಿನ ಸಭಾಮಂದಿರಕ್ಕೆ ಹೋಗುವುದು ಅವನ ವಾಡಿಕೆ ಅನ್ನುತ್ತಾನೆ ಲೂಕ, 4:16ರಲ್ಲಿ. ಶಿಷ್ಯ ಯೂದ ಹಿಡಿದುಕೊಟ್ಟ ರಾತ್ರಿಯೂ ಯೇಸು ವಾಡಿಕೆಯಂತೆಯೇ ಎಣ್ಣೆಮರಗಳ ಗುಡ್ಡಕ್ಕೆ ಹೋದ, ಲೂಕ 22:39. ಯೇಸು ಶಿಷ್ಯರ ಜೊತೆ ಅಲ್ಲಿಗೆ ಆಗಾಗ ಹೋಗುತ್ತಿದ್ದರಿಂದ ಯೂದನಿಗೆ ಆ ಜಾಗ ಗೊತ್ತಿತ್ತು ಅಂತ ಯೋಹಾನ 18:2 ಹೇಳುತ್ತದೆ. ಆ ಒಂದು ರಾತ್ರಿ ಬೇರೆ ಕಡೆ ಹೋಗಿದ್ದರೆ ಹುಡುಕುವುದು ಕಷ್ಟವಾಗುತ್ತಿತ್ತು. ಅವನು ಹೋಗಲಿಲ್ಲ. ಎಷ್ಟೋ ಸಂಜೆ ಮೊಣಕಾಲೂರಿದ್ದ ಆ ನೆಲದಲ್ಲೇ ‘ನನ್ನ ಚಿತ್ತವಲ್ಲ, ನಿನ್ನ ಚಿತ್ತವೇ ಆಗಲಿ’ ಅನ್ನುವ ಮಾತು ಬಂತು. ಅತಿ ಕಷ್ಟದ ವಿಧೇಯತೆಗೆ ಅವನು ಹೋಗಿ ನಿಂತದ್ದು ದಿನದ ಜಾಗದಲ್ಲಿ.

ಅದೇ ರಾತ್ರಿ ಅವನು ದ್ರಾಕ್ಷಿ ಬಳ್ಳಿಯ ಮಾತನ್ನೂ ಆಡಿದ್ದ. ಯೋಹಾನ 15ರಲ್ಲಿ, 4ರಿಂದ 10ನೇ ವಚನದ ಒಳಗೆ, ‘ನೆಲೆಗೊಂಡಿರು’ ಅನ್ನುವ ಗ್ರೀಕ್ ಪದ ‘ಮೆನೊ’ ಹತ್ತು ಸಲ ಬರುತ್ತದೆ. ನೆಂಟರ ಹಾಗೆ ಬಂದುಹೋಗುವುದಲ್ಲ, ನೆಲೆಸುವುದು. ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ತೋಟದಲ್ಲಿ ಕಟಿಂಗ್ ಆದ ವಾರ ಹೋಗಿ ನೋಡಿ. ಚಪ್ಪರವೆಲ್ಲ ಬೋಳು. ಕತ್ತರಿಸಿದ ತುದಿಯಲ್ಲಿ ನೀರು ತೊಟ್ಟಿಕ್ಕುತ್ತಿರುತ್ತದೆ. ಗೊತ್ತಿಲ್ಲದವರು ತೋಟ ಹಾಳಾಯಿತು ಅಂದುಕೊಳ್ಳಬೇಕು. ರೈತನಿಗೆ ಗೊತ್ತು, ಗೊಂಚಲು ಬರುವುದು ಹೊಸ ಚಿಗುರಿನಲ್ಲಿ. ಕತ್ತರಿಸದೆ ಬಿಟ್ಟರೆ ಎಲೆಯೇ ಜಾಸ್ತಿ. ಫಲ ಕೊಡುವ ಕೊಂಬೆಯನ್ನೇ ತಂದೆಯು ಶುದ್ಧಿಮಾಡುತ್ತಾನೆ ಅನ್ನುವ ಎರಡನೇ ವಚನವನ್ನು ನಾನು ಆ ಬೋಳು ಚಪ್ಪರದ ಕೆಳಗೆ ನಿಂತು ಅರ್ಥಮಾಡಿಕೊಂಡೆ.

ಒಣಗಿದ ದಿನಗಳ ಬಗ್ಗೆಯೂ ಹೇಳಬೇಕು. ಎಲ್ಲ ಸರಿಯಾಗಿ ಮಾಡುತ್ತಿದ್ದರೂ ಏನೂ ಅನ್ನಿಸದ ವಾರಗಳು ಬರುತ್ತವೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ‘ಜ್ವರ’ ಅನ್ನುತ್ತಾರೆ. ಒಂದು ದಿನ, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ, ಅದು ತಿನ್ನುವುದಿಲ್ಲ, ಅಲುಗುವುದಿಲ್ಲ. ತಲೆ ಮೇಲೆತ್ತಿ ಸುಮ್ನೆ ಕೂತಿರುತ್ತದೆ. ಚಿಕ್ಕವನಾಗಿದ್ದಾಗ ಸತ್ತಿದೆಯೇನೋ ಅಂತ ಬೆರಳಿಂದ ತಿವಿಯಲು ಹೋಗಿ ಅಜ್ಜಿಯ ಕೈಯಲ್ಲಿ ಏಟು ತಿಂದಿದ್ದೇನೆ. ಮುಟ್ಟಬಾರದು. ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸಿ ಕಾಯಬೇಕು. ಒಳಗೆ ಹೊಸ ಚರ್ಮ ಬರುತ್ತಿರುತ್ತದೆ. ಅಂಥ ವಾರಗಳಲ್ಲಿ ನಾನು ಹೊಸದೇನೂ ಹಚ್ಚಿಕೊಳ್ಳುವುದಿಲ್ಲ. ಒಂದು ಕೀರ್ತನೆ ಓದುತ್ತೇನೆ. 13ನೆಯದು ಆರೇ ವಚನ, ‘ಎಷ್ಟರವರೆಗೆ’ ಅಂತಲೇ ಶುರುವಾಗುತ್ತದೆ. ನನ್ನ ಮಾತು ಇಲ್ಲದ ದಿನ ದಾವೀದನ ಮಾತು ಸಾಕು.

ಇನ್ನು ಪೂರ್ತಿ ತಪ್ಪಿದ ದಿನಗಳು. ಒಂದು ವಾರ ಓದದೆ, ಪ್ರಾರ್ಥಿಸದೆ, ಗೊತ್ತಿದ್ದೂ ಮಾತು ಮೀರಿ ನಡೆದವರು ನನ್ನ ಹತ್ತಿರ ಬಂದು ‘ಮತ್ತೆ ಯಾವ ಮುಖ ಇಟ್ಟುಕೊಂಡು ಕೂರಲಿ’ ಅನ್ನುತ್ತಾರೆ. ಅವರಿಗೆ ಯೇಸುವಿನ ಶಿಷ್ಯ ಪೇತ್ರನ ಎರಡು ಬೆಂಕಿ ತೋರಿಸುತ್ತೇನೆ. ಯೋಹಾನನ ಸುವಾರ್ತೆಯಲ್ಲಿ ಇದ್ದಲ ಬೆಂಕಿ ಎರಡೇ ಕಡೆ ಬರುತ್ತದೆ. ಒಂದು 18:18ರಲ್ಲಿ, ಯೇಸುವನ್ನು ಹಿಡಿದು ತಂದಿದ್ದ ಮಹಾಯಾಜಕನ ಅಂಗಳದಲ್ಲಿ. ಚಳಿ ಕಾಯಿಸಿಕೊಳ್ಳುತ್ತ ಪೇತ್ರನು ‘ನಾನು ಅವನವನಲ್ಲ’ ಅಂದದ್ದು ಅಲ್ಲಿ. ಇನ್ನೊಂದು 21:9ರಲ್ಲಿ, ತಿಬೇರಿಯ ಸಮುದ್ರದ ದಡದಲ್ಲಿ. ರಾತ್ರಿಯೆಲ್ಲ ಬಲೆ ಬೀಸಿ ದಣಿದು ಬಂದ ಪೇತ್ರನಿಗೆ ಅದೇ ಇದ್ದಲ ವಾಸನೆ ಬಂದಿರಬೇಕು. ಈ ಸಲ ಬೆಂಕಿ ಹೊತ್ತಿಸಿ ಕೂತಿದ್ದವನು ಯೇಸು. ‘ನನ್ನನ್ನು ಪ್ರೀತಿಸುತ್ತೀಯಾ’ ಅಂತ ಮೂರು ಸಲ ಕೇಳಿದ್ದು ನಿಜ, ಆದರೆ ಊಟ ಆದ ಮೇಲೆ. ಮೊದಲು ಕೆಂಡದ ಮೇಲೆ ಮೀನು ಇತ್ತು, ರೊಟ್ಟಿ ಇತ್ತು, ‘ಬನ್ನಿ, ಊಟ ಮಾಡಿ’ ಅಂದ.